ವಿನೋದದೊಳಗಿನ ಶ್ರಮ

ಆಟವೆಂದರೆ ದಣಿವು ಆರಿಸಿಕೊಳ್ಳುವ ದಾರಿ ಎಂಬುದು ರೂಢಿಯ ಮಾತು. ಆದರೆ ಇಂದಿನ ಮಕ್ಕಳು, ತರುಣರು ಆಡುವ ವಿಡಿಯೊ ಗೇಮ್‌ಗಳನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಕತ್ತಿ ಹಿಡಿದು ಲೋಕವನ್ನು ಉಳಿಸಲು ಹೊರಟ ಕಥಾನಾಯಕ ದಾರಿಯಲ್ಲಿ ಒಂದು ಕೆರೆ ಕಂಡರೆ ಸಾಕು, ಕತ್ತಿ ಬದಿಗಿಟ್ಟು ಗಾಳ ಹಾಕುತ್ತಾನೆ. ರಾಕ್ಷಸನನ್ನು ಕೊಲ್ಲುವ ಕೆಲಸ ಹಾಗೇ ಉಳಿಯುತ್ತದೆ. ಆಟಗಾರ ಮಾತ್ರ ಒಂದು ದೊಡ್ಡ ಮೀನಿಗಾಗಿ ಗಂಟೆಗಟ್ಟಲೆ ಕಾಯುತ್ತಾನೆ, ತಪ್ಪುತ್ತಾನೆ, ಮತ್ತೆ ಗಾಳ ಎಸೆಯುತ್ತಾನೆ. ವಿಶ್ರಾಂತಿಗೆಂದು ಇಟ್ಟ ಆಟವೇ ಮುಖ್ಯ ಆಟಕ್ಕಿಂತ ಹೆಚ್ಚು ಬೆವರು ಇಳಿಸುತ್ತದೆ.

ಇದು ಕಂಪ್ಯೂಟರ್ ಯುಗ ತಂದ ವಿಚಿತ್ರವೇನೂ ಅಲ್ಲ. ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ಕನ್ನಡ ನಾಡಿನ ದೊರೆಯೊಬ್ಬ ಇದನ್ನು ಬಲ್ಲವನಾಗಿದ್ದ. ಬಲ್ಲವನಾಗಿದ್ದುದಷ್ಟೇ ಅಲ್ಲ, ಬರೆದೂ ಇಟ್ಟ. ಅವನು ಬರೆದ ವಿನೋದಗಳಲ್ಲಿ ಕೆಲವು ಜಮಖಂಡಿ ತಾಲೂಕಿನ ಹುನ್ನೂರ ಮತ್ತು ಅದರ ಸುತ್ತಲಿನ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ಜನರಿಗೆ ಇಂದಿಗೂ ಹೊಸವಲ್ಲ.

ಮುಖ್ಯ ಆಟದ ಮಗ್ಗುಲಲ್ಲಿ

ಮೊದಲು ಇಂದಿನ ಮಾತು. ದೊಡ್ಡ ವಿಡಿಯೊ ಗೇಮ್‌ಗಳಲ್ಲಿ ಒಂದು ಮುಖ್ಯ ಕಥೆ ಇರುತ್ತದೆ. ಅದರ ಮಗ್ಗುಲಲ್ಲಿ ಮೀನು ಹಿಡಿಯುವುದು, ಇಸ್ಪೀಟು, ಓಟದ ಪಂದ್ಯ, ಬೇಸಾಯ ಮುಂತಾದ ಸಣ್ಣ ಆಟಗಳಿರುತ್ತವೆ. ಇವನ್ನು ಆಡಲೇಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇರುವುದಿಲ್ಲ.

ಜಪಾನಿನ ನಿಂಟೆಂಡೊ ಕಂಪನಿ 1998ರಲ್ಲಿ ತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಒಕರಿನಾ ಆಫ್ ಟೈಮ್’ ಆಟದಲ್ಲಿ ಒಂದು ಮೀನಿನ ಕೊಳವಿದೆ. ಆ ಆಟದ ಲೋಕದಲ್ಲಿ ಚಲಾವಣೆಯಲ್ಲಿರುವ ನಾಣ್ಯದ ಹೆಸರು ‘ರುಪೀ’. ಇಪ್ಪತ್ತು ರುಪೀ ಕೊಟ್ಟು ಗಾಳ ಪಡೆದ ಆಟಗಾರ ಹಿಡಿದ ಮೀನನ್ನು ತೂಗಿಸುತ್ತಾನೆ. ದೊಡ್ಡ ಮೀನಿಗೆ ಬಹುಮಾನವಿದೆ, ಸಣ್ಣದಕ್ಕಿಲ್ಲ. 2001ರ ‘ಫೈನಲ್ ಫ್ಯಾಂಟಸಿ 10’ ಆಟದಲ್ಲಿ ಸಿಡಿಲು ಬಡಿಯುವ ಬಯಲೊಂದಿದೆ. ಅಲ್ಲಿ ಸಿಡಿಲಿನಿಂದ ಸತತ 200 ಬಾರಿ ತಪ್ಪಿಸಿಕೊಂಡವನಿಗೆ ಒಂದು ವಿಶೇಷ ಬಹುಮಾನ. ನೂರಾ ತೊಂಬತ್ತೊಂಬತ್ತು ಸಲ ತಪ್ಪಿಸಿಕೊಂಡು ಇನ್ನೂರನೆಯದಕ್ಕೆ ಸಿಕ್ಕಿಬಿದ್ದರೆ ಎಣಿಕೆ ಮತ್ತೆ ಒಂದರಿಂದ.

1999ರ ‘ಶೆನ್ಮೂ’ ಆಟದ ಕಥೆ ಇನ್ನೂ ಸ್ವಾರಸ್ಯದ್ದು. ತಂದೆಯನ್ನು ಕೊಂದವನನ್ನು ಹುಡುಕುತ್ತ ಹೊರಟ ಹುಡುಗ ಬಂದರಿನಲ್ಲಿ ಕೂಲಿಗೆ ಸೇರುತ್ತಾನೆ. ಸಾಮಾನು ಎತ್ತುವ ಯಂತ್ರ ಓಡಿಸಿ, ದಿನಕ್ಕೆ ಇಂತಿಷ್ಟು ಪೆಟ್ಟಿಗೆ ಸಾಗಿಸಬೇಕು. ದುಡಿದು ಬಂದು ಮನೆಯಲ್ಲಿ ಆಟಕ್ಕೆ ಕುಳಿತವನು ಅಲ್ಲಿಯೂ ದುಡಿಯುತ್ತಾನೆ!

2016ರಲ್ಲಿ ಬಂದ ‘ಸ್ಟಾರ್‌ಡ್ಯೂ ವ್ಯಾಲಿ’ ಬೇಸಾಯದ ಆಟ. ಎರಿಕ್ ಬರೋನ್ ಎಂಬ ಅಮೆರಿಕದ ತರುಣ ಒಬ್ಬನೇ ಕುಳಿತು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದು ಇದನ್ನು ರೂಪಿಸಿದ. 2024ರ ಕೊನೆಯ ಹೊತ್ತಿಗೆ ಇದರ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಪಟ್ಟಣದ ನೌಕರಿಗೆ ಬೇಸತ್ತವನು ಅಜ್ಜನ ಹೊಲಕ್ಕೆ ಮರಳುವ ಶಾಂತವಾದ ಕಥೆ ಇದರದು. ಆದರೆ ಇದರಲ್ಲಿನ ಮೀನುಗಾರಿಕೆ ಶಾಂತವಲ್ಲ. ಒಂದೊಂದು ಮೀನಿಗೂ ಅದರದೇ ಋತು, ಅದರದೇ ಹೊತ್ತು, ಅದರದೇ ನೀರು. ಕೆಲವು ಮಳೆ ಬಂದರೆ ಮಾತ್ರ ಸಿಗುತ್ತವೆ, ಕೆಲವು ರಾತ್ರಿ ಮಾತ್ರ. ಗಾಳಕ್ಕೆ ಬಿದ್ದ ಮೀನು ಮೇಲೆ ಕೆಳಗೆ ಜಿಗಿಯುವಾಗ ಗುಂಡಿ ಒತ್ತುವ ಬೆರಳು ಒಂದು ಕ್ಷಣ ತಡವಾದರೂ ಮೀನು ಕೈತಪ್ಪುತ್ತದೆ.

2015ರ ‘ದಿ ವಿಚರ್ 3’ ಆಟದ್ದು ಇನ್ನೊಂದು ಬಗೆ. ಅದರ ಮಗ್ಗುಲಲ್ಲಿದ್ದ ‘ಗ್ವೆಂಟ್’ ಎಂಬ ಎಲೆಯಾಟವನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ ಅದನ್ನೇ ಬೇರೆ ಆಟವಾಗಿ ರೂಪಿಸಿ 2018ರಲ್ಲಿ ಬಿಡುಗಡೆ ಮಾಡಬೇಕಾಯಿತು. ಮಗ್ಗುಲಲ್ಲಿದ್ದದ್ದು ನಡುಮನೆಗೆ ಬಂದಂತಾಯಿತು.

ಕಲ್ಯಾಣದ ದೊರೆಯ ಪಟ್ಟಿ

ಈಗ ಹನ್ನೆರಡನೆಯ ಶತಮಾನಕ್ಕೆ ಬರಬೇಕು. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ ಆಗ ಕಲ್ಯಾಣ ಚಾಲುಕ್ಯರ ರಾಜಧಾನಿ. ಕೃಷ್ಣಾ, ಘಟಪ್ರಭಾ ನದಿಗಳ ನೀರುಣ್ಣುವ ಜಮಖಂಡಿ-ಮುಧೋಳ ಸೀಮೆ ಆ ರಾಜ್ಯದ ಒಡಲಲ್ಲೇ ಇತ್ತು. ಈ ವಂಶದ ರಾಜ್ಯವನ್ನು ಮತ್ತೆ ಕಟ್ಟಿದ ತೈಲಪ ಮತ್ತು ಅವನ ಮಗ ಸತ್ಯಾಶ್ರಯರ ಆಶ್ರಯದಲ್ಲಿದ್ದ ರನ್ನ ಕವಿ 949ರಲ್ಲಿ ಹುಟ್ಟಿದ್ದು ಮುಧೋಳದಲ್ಲಿಯೇ.

ಆರನೆಯ ವಿಕ್ರಮಾದಿತ್ಯ 1076ರಿಂದ ಸುಮಾರು ಐವತ್ತು ವರ್ಷ ಆಳಿದ. ಅವನ ಮಗ ಮೂರನೆಯ ಸೋಮೇಶ್ವರ ಪಟ್ಟಕ್ಕೆ ಬಂದದ್ದು 1126ರ ಸುಮಾರಿಗೆ. ‘ಸರ್ವಜ್ಞ’ ಎಂಬ ಬಿರುದು ಅವನಿಗೆ ಸಂದಿತ್ತು. ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಇದೆ. ಗ್ರಂಥದ ಕಾಲವನ್ನು ವಿದ್ವಾಂಸರು 1129ರ ಸುಮಾರು ಎಂದು ಗುರುತಿಸುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಲೋಕಕ್ಕೆ ಒದಗಿಸಿದ ಆರ್. ಶಾಮಶಾಸ್ತ್ರಿಗಳೇ ಇದರ ಮೊದಲ ಭಾಗವನ್ನು ಸಂಪಾದಿಸಿದರು. ಅದು 1926ರಲ್ಲಿ ಮೈಸೂರಿನಿಂದ ಪ್ರಕಟವಾಯಿತು. ಬರೋಡದ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಜಿ.ಕೆ. ಶ್ರೀಗೊಂಡೇಕರ್ ಸಂಪಾದಿಸಿದ ಮೂರು ಸಂಪುಟಗಳು 1925, 1939 ಮತ್ತು 1961ರಲ್ಲಿ ಹೊರಬಂದವು.

ಇಡ್ಲಿ, ದೋಸೆಗಳ ಪೂರ್ವಜರು ಈ ಗ್ರಂಥದಲ್ಲಿ ಕಾಣಿಸುವುದರಿಂದ ಊಟದ ಚರಿತ್ರೆ ಹೇಳುವವರು ಇದನ್ನು ಆಗಾಗ ನೆನೆಯುವುದುಂಟು. ಆದರೆ ಇದರ ರಚನೆಯೇ ಗಮನಿಸತಕ್ಕದ್ದು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯ, ಒಟ್ಟು ನೂರು. ಮೊದಲನೆಯದು ರಾಜ್ಯ ಪಡೆಯುವ ಬಗೆ, ಎರಡನೆಯದು ಪಡೆದದ್ದನ್ನು ಗಟ್ಟಿಮಾಡಿಕೊಳ್ಳುವ ಬಗೆ, ಮೂರನೆಯದು ಅನ್ನ, ವಸ್ತ್ರ, ಮನೆ ಮೊದಲಾದ ಭೋಗ. ನಾಲ್ಕನೆಯದು ವಿನೋದ, ಐದನೆಯದು ಕ್ರೀಡೆ. ಅಂದರೆ ನೂರು ಅಧ್ಯಾಯಗಳಲ್ಲಿ ನಲವತ್ತು ಬಿಡುವಿನ ವೇಳೆಗೆ ಮೀಸಲು! ರಾಜ್ಯಭಾರ ಮುಖ್ಯ ಆಟವಾದರೆ ಇವು ಅದರ ಮಗ್ಗುಲಿನ ಆಟಗಳು.

ವಿನೋದಗಳ ಪಟ್ಟಿಯಲ್ಲಿ ಆಯುಧ ಪ್ರದರ್ಶನ, ವಿದ್ವತ್ ಗೋಷ್ಠಿ, ಆನೆ ಮತ್ತು ಕುದುರೆಗಳ ಓಟ, ಮಲ್ಲಯುದ್ಧ, ಕೋಳಿ, ಟಗರು, ಕೋಣಗಳ ಕಾಳಗ, ಪಾರಿವಾಳ, ನಾಯಿ, ಗಿಡುಗ, ಮೀನು, ಬೇಟೆ, ಹಾಡು, ವಾದ್ಯ, ಕುಣಿತ, ಕಥೆ ಎಲ್ಲವೂ ಇವೆ. ಕ್ರೀಡೆಗಳಲ್ಲಿ ಜೋಕಾಲಿ, ಜಲಕ್ರೀಡೆ, ಬೆಳದಿಂಗಳ ವಿಹಾರ, ಒಗಟು, ಚದುರಂಗ, ಪಗಡೆ, ಕವಡೆ ಬರುತ್ತವೆ.

ಬಲೆ ಬಿಟ್ಟು ಗಾಳ ಹಿಡಿದದ್ದೇಕೆ?

ಇಂದಿನ ಗೇಮ್‌ಗಳ ಗಾಳಕ್ಕೆ ಹತ್ತಿರದ ನೆಂಟಸ್ತಿಕೆ ಇರುವುದು ಸೋಮೇಶ್ವರನ ‘ಮತ್ಸ್ಯವಿನೋದ’ ಅಧ್ಯಾಯಕ್ಕೆ. ಮೀನುಗಾರಿಕೆಯ ವಿಜ್ಞಾನ ಬಲ್ಲ ಎಸ್.ಎಲ್. ಹೋರಾ 1951ರಲ್ಲಿ ಈ ಅಧ್ಯಾಯದ ಕುರಿತು ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಇದರಲ್ಲಿ 30ಕ್ಕೂ ಹೆಚ್ಚು ಬಗೆಯ ಮೀನುಗಳ ಹೆಸರಿದೆ. ಸಮುದ್ರದವು ಯಾವುವು, ಹೊಳೆಯವು ಯಾವುವು, ಹುರುಪೆ ಇರುವವು ಯಾವುವು, ಇಲ್ಲದವು ಯಾವುವು ಎಂಬ ವಿಂಗಡಣೆ ಇದೆ. ಯಾವ ಮೀನಿಗೆ ಯಾವ ಆಹಾರ ಹಾಕಿ ಕೊಬ್ಬಿಸಬೇಕು, ದಾರ ಹೇಗಿರಬೇಕು, ಕೋಲು ಹೇಗಿರಬೇಕು, ಗಾಳದ ಮುಳ್ಳಿಗೆ ಏನು ಸಿಕ್ಕಿಸಬೇಕು ಎಂಬ ವಿವರಗಳೂ ಉಂಟು. ಇಷ್ಟೆಲ್ಲ ತಿಳಿಯದೆ ಕೋಲು ಹಿಡಿದವನಿಗೆ ವಿನೋದ ದಕ್ಕುವುದಿಲ್ಲ ಎಂಬುದು ಇದರ ಇಂಗಿತ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಚಕ್ರವರ್ತಿಗೆ ಮೀನಿನ ಕೊರತೆಯೇ? ಒಂದು ಮಾತು ಆಡಿದರೆ ಬುಟ್ಟಿಗಟ್ಟಲೆ ಮೀನು ಅರಮನೆಯ ಅಡುಗೆಮನೆಗೆ ಬಂದು ಬೀಳುತ್ತಿತ್ತು. ಬಲೆ ಬೀಸಿದರೂ ಗಾಳಕ್ಕಿಂತ ಹೆಚ್ಚು ಸಿಗುತ್ತಿತ್ತು. ಆದರೂ ದೊರೆ ಗಾಳವನ್ನೇ ಆರಿಸಿಕೊಂಡ. ಬೇಕಾದದ್ದು ಮೀನಲ್ಲ, ಮೀನು ತಪ್ಪಿಸಿಕೊಳ್ಳಬಹುದು ಎಂಬ ಆತಂಕ. ಅಪ್ಪಣೆಗೆ ಎಲ್ಲರೂ ತಲೆಬಾಗುವ ಲೋಕದಲ್ಲಿ ಅಪ್ಪಣೆ ಕೇಳದ ಜೀವ ಅದೊಂದೇ.

ಕೆನಡಾದಲ್ಲಿ ಪಾಠ ಹೇಳುತ್ತಿದ್ದ ಬರ್ನಾರ್ಡ್ ಸೂಟ್ಸ್ ಎಂಬ ತತ್ತ್ವಶಾಸ್ತ್ರಜ್ಞರು 1978ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ಶಾಸ್ತ್ರವಾಗಿ ವಿವರಿಸಿದರು. ಅವರ ವಾದದ ಸಾರ ಇಷ್ಟು: ಬೇಕಿಲ್ಲದ ಅಡ್ಡಿಯೊಂದನ್ನು ತಾನಾಗಿಯೇ ಒಪ್ಪಿಕೊಂಡು ಅದನ್ನು ದಾಟಲು ಹೆಣಗುವುದೇ ಆಟ. ಸುಲಭದ ದಾರಿ ಎದುರಿಗೇ ಇದ್ದರೂ ಆಟಗಾರ ಕಷ್ಟದ ದಾರಿ ಹಿಡಿಯುತ್ತಾನೆ. ಏಕೆಂದರೆ ಅಡ್ಡಿ ತೆಗೆದರೆ ಆಟವೇ ಇರುವುದಿಲ್ಲ. ಸ್ಟಾರ್‌ಡ್ಯೂ ವ್ಯಾಲಿಯಲ್ಲಿ ಗುಂಡಿ ಒತ್ತಿದ ಕೂಡಲೇ ಮೀನು ಬಂದು ಬೀಳುವಂತಿದ್ದರೆ ಮೂರನೆಯ ಮೀನಿಗೇ ಬೇಸರ ಬಂದೀತು.

ಐದು ಬಗೆಯ ‘ಶ್ರಮ’

ಗ್ರಂಥದ ಮಲ್ಲವಿನೋದದ ಅಧ್ಯಾಯ ಈ ಮಾತಿಗೆ ಇನ್ನೂ ಗಟ್ಟಿಯಾದ ಸಾಕ್ಷಿ. ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ದರ್ಜೆಗೆ ಹಂಚಿ, ಅವರ ಆಹಾರ ಮತ್ತು ಸಾಧನೆಯ ವಿವರ ಕೊಡಲಾಗಿದೆ. ಭಾರ ಎತ್ತುವುದು ಭಾರಶ್ರಮ. ನಸುಕಿನಲ್ಲಿ ದೂರ ನಡೆಯುವುದು ಭ್ರಮಣಶ್ರಮ. ನೀರಿಗಿಳಿದು ಈಜುವುದು ಸಲಿಲಶ್ರಮ. ತೋಳಿನ ಬಲ ಬೆಳೆಸುವುದು ಬಾಹುಪೆಲ್ಲಣಕಶ್ರಮ. ಕಂಬ ಹತ್ತುವುದು ಸ್ತಂಭಶ್ರಮ. ಇಂದಿನ ಮಲ್ಲಕಂಬದ ಹಳೆಯ ರೂಪವನ್ನು ಹಲವರು ಈ ಕೊನೆಯದರಲ್ಲಿ ಕಾಣುತ್ತಾರೆ. ಅಧ್ಯಾಯದ ಹೆಸರು ವಿನೋದ, ಒಳಗೆ ಇರುವುದು ಐದು ಬಗೆಯ ಶ್ರಮ!

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ವಿನೋದ ದೊರೆಯದು, ಶ್ರಮ ಮಲ್ಲನದು. ಆನೆಗೆ ಮಾವುತ, ಗಿಡುಗಕ್ಕೆ ಪಾಲಕ, ನಾಯಿಗೆ ಸಾಕುವವನು ಹೀಗೆ ಒಂದೊಂದು ವಿನೋದದ ಹಿಂದೆಯೂ ಬೇರೆಯವರ ದುಡಿಮೆ ಇತ್ತು. ಒಬ್ಬನ ಬಿಡುವು ಹಲವರ ಕಸುಬಾಗಿತ್ತು. ಗಾಳ ಹಿಡಿದು ತಾನೇ ಕಾದಾಗ ಮಾತ್ರ ದೊರೆ ಆ ಕಷ್ಟದಲ್ಲಿ ನೇರವಾಗಿ ಪಾಲುದಾರನಾದ.

ಅರಮನೆಯ ಹವ್ಯಾಸ ಊರಿನ ಆಸ್ತಿಯಾಗುವುದೂ ಉಂಟು. ಅದಕ್ಕೆ ಮುಧೋಳವೇ ಉದಾಹರಣೆ. ಸೋಮೇಶ್ವರನ ಪಟ್ಟಿಯಲ್ಲಿ ‘ಸಾರಮೇಯ ವಿನೋದ’, ಅಂದರೆ ನಾಯಿಗಳ ವಿನೋದ, ಒಂದು ಅಧ್ಯಾಯ. ಶತಮಾನಗಳ ನಂತರ ಮುಧೋಳ ಸಂಸ್ಥಾನದ ಘೋರ್ಪಡೆ ದೊರೆಗಳು ಬೇಟೆಗೆಂದು ಸಪೂರ ಮೈಯ, ಉದ್ದ ಕಾಲಿನ ನಾಯಿಗಳನ್ನು ಮುತುವರ್ಜಿಯಿಂದ ಸಾಕಿದರು. ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಇದರ ಜೋಡಿಯೊಂದನ್ನು ಉಡುಗೊರೆಯಾಗಿ ಕೊಟ್ಟರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಹೊರತಂದ ನಾಯಿ ತಳಿಗಳ ಅಂಚೆಚೀಟಿಗಳಲ್ಲಿ ಮುಧೋಳ ನಾಯಿಗೂ ಜಾಗ ಸಿಕ್ಕಿತು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗಾಗಿ ಸಂಶೋಧನಾ ಕೇಂದ್ರವೂ ಸ್ಥಾಪನೆಯಾಯಿತು. ಇದನ್ನು ಕಟ್ಟಿದ್ದು ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯ. ದೊರೆಗಳ ಬೇಟೆಯ ಸಂಗಾತಿಯಾಗಿದ್ದ ನಾಯಿ ಇಂದು ರೈತರ ಮನೆಯ ಆದಾಯದ ಮೂಲವೂ ಹೌದು.

ಪಟ್ಟಿಯಲ್ಲಿರುವ ಎಲ್ಲವನ್ನೂ ಹೀಗೆ ಮೆಚ್ಚುವಂತಿಲ್ಲ. ಟಗರು, ಕೋಳಿಗಳ ಕಾಳಗ ಉತ್ತರ ಕರ್ನಾಟಕದ ಜಾತ್ರೆಗಳಿಗೆ ಹೊಸದಲ್ಲ. ಆದರೆ ಪ್ರಾಣಿಗಳನ್ನು ಒಂದರ ಮೇಲೊಂದು ಕಾಳಗಕ್ಕೆ ಛೂಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮಲ್ಲ ಕಣಕ್ಕಿಳಿಯುವಾಗ ಒಪ್ಪಿ ಇಳಿಯುತ್ತಾನೆ. ಟಗರಿನ ಒಪ್ಪಿಗೆಯನ್ನು ಕೇಳಿದವರಿಲ್ಲ.

ಪಂಚಮಿಯ ಜೋಕಾಲಿ, ಜಗಲಿಯ ಕವಡೆ

ದೊರೆಗೆ ನಲವತ್ತು ಬಗೆಯ ವಿನೋದ. ಹೊಲ, ಮಗ್ಗಗಳಲ್ಲಿ ದುಡಿಯುವವರಿಗೆ? ಕಬ್ಬಿನ ಗದ್ದೆಗಳ ಜಮಖಂಡಿ, ಮುಧೋಳದಲ್ಲಾಗಲಿ, ಸೀರೆ ನೇಯುವ ರಬಕವಿ-ಬನಹಟ್ಟಿಯಲ್ಲಾಗಲಿ ಬಿಡುವು ಹಬ್ಬದ ಹೆಸರಿನಲ್ಲಿ ಬರುತ್ತಿತ್ತು. ಶ್ರಾವಣದ ನಾಗರ ಪಂಚಮಿ ಉತ್ತರ ಕರ್ನಾಟಕದಲ್ಲಿ ಜೋಕಾಲಿಯ ಹಬ್ಬ. ಸೋಮೇಶ್ವರನ ‘ಆಂದೋಲನ ಕ್ರೀಡೆ’ ಇಲ್ಲಿ ಗಿಡದ ಟೊಂಗೆಗೆ ಹಗ್ಗ ಕಟ್ಟಿದ ಜೋಕಾಲಿ.

ಈ ಹಬ್ಬದಲ್ಲಿ ಊರಿನ ಗಂಡಾಳುಗಳು ಕಟ್ಟುವ ಪಂದ್ಯಗಳನ್ನು ನೋಡಿದರೆ ಆಟ ಎಷ್ಟು ದುಡಿಸುತ್ತದೆ ಎಂಬುದು ತಿಳಿಯುತ್ತದೆ. ಇಷ್ಟು ಎಸೆತಗಳಲ್ಲಿ ನಿಂಬೆಹಣ್ಣನ್ನೋ ತೆಂಗಿನಕಾಯಿಯನ್ನೋ ಇಂಥ ಜಾಗದವರೆಗೆ ಮುಟ್ಟಿಸಬೇಕು. ಜೋಳದ ಚೀಲ ಎತ್ತಬೇಕು, ಗುಂಡುಕಲ್ಲು ಎತ್ತಬೇಕು. ವರ್ಷವಿಡೀ ಚೀಲ ಹೊತ್ತ ಹೆಗಲೇ ಹಬ್ಬದ ದಿನ ಮತ್ತೆ ಚೀಲ ಹೊರುತ್ತದೆ. ವ್ಯತ್ಯಾಸ ಒಂದೇ: ಅಂದು ಹೊರಿಸುವ ಧಣಿ ಇಲ್ಲ. ಎತ್ತದೆ ಬಿಟ್ಟರೂ ಕೇಳುವವರಿಲ್ಲ. ಆದುದರಿಂದಲೇ ಎತ್ತಿದವನಿಗೆ ಹಿಗ್ಗು.

ಜಗಲಿಯಲ್ಲಿ ಕುಳಿತು ಆಡುವ ಚೌಕಾಬಾರಾ ಕೂಡ ನೋಡಲು ಮಾತ್ರ ಸೋಮಾರಿ ಆಟ. ಅಡ್ಡಕ್ಕೆ ಐದು, ಉದ್ದಕ್ಕೆ ಐದು, ಒಟ್ಟು 25 ಮನೆ. ನಾಲ್ಕು ಕವಡೆ ಚೆಲ್ಲಿದರೆ 16 ರೀತಿಯಲ್ಲಿ ಬೀಳಬಹುದು. ಎರಡು ಮಗ್ಗುಲಿಗೂ ಬೀಳುವ ಸಂಭವ ಸಮನಾಗಿದ್ದರೆ ಎರಡು ಬೀಳುವುದು ಹದಿನಾರರಲ್ಲಿ ಆರು ಸಲ, ಒಂದು ಅಥವಾ ಮೂರು ಬೀಳುವುದು ನಾಲ್ಕು ನಾಲ್ಕು ಸಲ. ಚೌಕಾ ಎನಿಸುವ ನಾಲ್ಕಾಗಲಿ ಬಾರಾ ಎನಿಸುವ ಎಂಟಾಗಲಿ ಹದಿನಾರರಲ್ಲಿ ಒಂದೇ ಸಲ. ಲೆಕ್ಕದ ಪುಸ್ತಕ ತೆರೆಯದ ಅಜ್ಜಿಗೂ ಇದರ ಅಂದಾಜು ಕೈಯಲ್ಲೇ ಇರುತ್ತದೆ. ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಕೂರಿಸಬೇಕು, ಎದುರಾಳಿಯ ಕಾಯಿ ಎಷ್ಟು ಮನೆ ಹಿಂದಿದೆ ಎಂಬ ಎಣಿಕೆ ಮಾತಿನ ನಡುವೆಯೇ ನಡೆಯುತ್ತಿರುತ್ತದೆ.

ಗೆರೆ ಎಲ್ಲಿದೆ?

ಹಾಗಾದರೆ ಮಗ ರಾತ್ರಿಯಿಡೀ ಪರದೆಯ ಮುಂದೆ ಗಾಳ ಹಾಕುತ್ತ ಕುಳಿತರೆ ಅದನ್ನೂ ಶ್ರಮವೆಂದು ಮೆಚ್ಚಬೇಕೆ? ತಂದೆ-ತಾಯಿಯರ ಈ ಪ್ರಶ್ನೆ ನ್ಯಾಯವಾದದ್ದೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ಗೀಳಿಗೂ ಸ್ಥಾನವಿದೆ. ಆದರೆ ಹೆಚ್ಚು ಹೊತ್ತು ಆಡಿದ್ದನ್ನೇ ಅದು ರೋಗವೆನ್ನುವುದಿಲ್ಲ. ಆಟದ ಮೇಲಿನ ಹಿಡಿತ ತಪ್ಪಿರಬೇಕು, ಬೇರೆಲ್ಲಕ್ಕಿಂತ ಆಟವೇ ಮೇಲಾಗಿರಬೇಕು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಂತಿರಬೇಕು, ಇದು ಸಾಮಾನ್ಯವಾಗಿ ಒಂದು ವರ್ಷದಷ್ಟಾದರೂ ನಡೆದಿರಬೇಕು. ಪರೀಕ್ಷೆ ಇರುವುದು ಬಿಡುವ ಸ್ವಾತಂತ್ರ್ಯದಲ್ಲಿ. ಬೇಡವೆಂದಾಗ ಎದ್ದು ಬರಲು ಸಾಧ್ಯವಾದರೆ ಅದು ವಿನೋದ, ಸಾಧ್ಯವಾಗದಿದ್ದರೆ ಅದು ಇನ್ನೊಬ್ಬ ಧಣಿ.

ಹಣ ನಡುವೆ ಬಂದಾಗ ಈ ಸ್ವಾತಂತ್ರ್ಯ ಬೇಗ ಕರಗುತ್ತದೆ. ಕವಡೆ, ಪಗಡೆಗಳು ಜೂಜಿಗೆ ತಿರುಗಿದ ಕಥೆ ಮಹಾಭಾರತದಷ್ಟು ಹಳೆಯದು. ಕಳೆದದ್ದನ್ನು ಮರಳಿ ಪಡೆಯಲೆಂದೇ ಮುಂದಿನ ಆಟ ಆಡುವವನು ಆಡುತ್ತಿರುವುದಿಲ್ಲ, ಸಾಲ ತೀರಿಸುತ್ತಿರುತ್ತಾನೆ. ಮೊಬೈಲ್‌ನಲ್ಲಿ ಹಣ ಕಟ್ಟಿ ಆಡುವ ಆಟಗಳು ಮನೆಗಳನ್ನು ಮುಳುಗಿಸುತ್ತಿವೆ ಎಂಬ ಕೂಗು ಎದ್ದಾಗ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿತು. ಕೌಶಲದ ಆಟವಾಗಲಿ, ಅದೃಷ್ಟದ ಆಟವಾಗಲಿ, ಹಣ ಪಣಕ್ಕಿಟ್ಟು ಆಡಿಸುವುದನ್ನು ಈ ಕಾಯ್ದೆ ನಿಷೇಧಿಸಿತು. ಹಣದ ಪಣವಿಲ್ಲದ ಆಟಗಳನ್ನು ಹಾಗೆಯೇ ಬಿಟ್ಟಿತು.

ಕಲ್ಯಾಣದ ದೊರೆಯ ಮಾತು ಇನ್ನೂ ಒಂದು ಉಳಿದಿದೆ. ಸೋಮೇಶ್ವರ 1138ರ ಸುಮಾರಿಗೆ ತೀರಿಕೊಂಡ. ಅವನ ಕಾಲದಲ್ಲಿಯೇ ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನ ಬಲಿಯುತ್ತಿದ್ದ. ದೊರೆ ತೀರಿಕೊಂಡ ಎರಡು ದಶಕಗಳಲ್ಲಿ ಸಾಮಂತನಾಗಿದ್ದ ಕಳಚುರಿ ಬಿಜ್ಜಳ ಕಲ್ಯಾಣದ ಸಿಂಹಾಸನವನ್ನೇ ವಶಮಾಡಿಕೊಂಡ. ಗಾಳ ಹಿಡಿದು ಕುಳಿತದ್ದರಿಂದ ರಾಜ್ಯ ಹೋಯಿತೆಂದು ಹೇಳಿದರೆ ಅದು ಚರಿತ್ರೆಗೆ ಮಾಡುವ ಅನ್ಯಾಯ. ಸಾಮಂತರು ಪ್ರಬಲರಾಗಿ ದೊಡ್ಡ ರಾಜ್ಯಗಳು ಒಡೆಯುವುದು ಆ ಕಾಲದಲ್ಲಿ ಮತ್ತೆ ಮತ್ತೆ ನಡೆದದ್ದೇ. ಆದರೆ ರಾಜ್ಯವನ್ನು ಪಡೆಯುವ, ಉಳಿಸಿಕೊಳ್ಳುವ ಬಗೆಯನ್ನು ನಲವತ್ತು ಅಧ್ಯಾಯಗಳಲ್ಲಿ ಬರೆದವನ ವಂಶಕ್ಕೆ ರಾಜ್ಯ ಉಳಿಯಲಿಲ್ಲ. ಅದೇ ಲೇಖನಿಯಿಂದ ಬಂದ ಇನ್ನು ನಲವತ್ತು ಅಧ್ಯಾಯಗಳ ಮಲ್ಲ ಇಂದಿಗೂ ಗರಡಿಯಲ್ಲಿ ತೊಡೆ ತಟ್ಟುತ್ತಾನೆ, ಜೋಕಾಲಿ ಪಂಚಮಿಗೆ ಏರುತ್ತದೆ, ಕವಡೆ ಜಗಲಿಯ ಮೇಲೆ ಉರುಳುತ್ತದೆ. ಗಾಳ ಮಾತ್ರ ಹೊಳೆಯ ದಂಡೆಯಿಂದ ಮೊಬೈಲ್ ಪರದೆಯವರೆಗೂ ಬಂದಿದೆ.